ನಾಲ್ವತ್ತರ ಪ್ರಾಯದಲ್ಲಿ ಉದ್ಯೋಗ: ನೆಲೆಯೋ, ಏಳಿಗೆಯೋ?

ನಮ್ಮ ಶಾಲೆಯಲ್ಲಿ ಕಲಿತು, ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಕಂಪ್ಯೂಟರಿನ ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿಗಳಲ್ಲಿ ಮೊದಲಿನವರು ಈಗ ನಾಲ್ವತ್ತರ ಪ್ರಾಯವನ್ನು ದಾಟುತ್ತಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಅವರು ನಮ್ಮಲ್ಲಿ ಎತ್ತುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಇರುವ ಕೆಲಸದಲ್ಲಿಯೇ ನೆಲೆನಿಲ್ಲುವುದು ಲೇಸೋ, ಹೆಚ್ಚಿನ ಏಳಿಗೆಯನ್ನು ಬಯಸಿ ಬೇರೆ ಕಂಪೆನಿಗೆ ಹೋಗುವುದು ಲೇಸೋ ಎಂಬುದು ಅದು. ಇದೇ ಪ್ರಶ್ನೆಯನ್ನು ಅವರ ಹೆತ್ತವರೂ ತರುತ್ತಾರೆ. ಆದರೆ ಮಾತಿನ ಧಾಟಿ ಬೇರೆ. “ಮಾಸ್ಟ್ರೇ, ಇದ್ದ ಕೆಲಸವನ್ನು ಬಿಡುತ್ತಾನಂತೆ, ನೀವು ಹೇಳಿದರೆ ಅವ ಕೇಳಿಯಾನು” ಎನ್ನುತ್ತಾರೆ. ಮಕ್ಕಳ ಪಾಠದ ವಿಷಯದಲ್ಲಿ ಬುದ್ಧಿಹೇಳುವುದು ನಮ್ಮ ಕೆಲಸ. ಎರಡು ಮಕ್ಕಳ ತಂದೆಯಾದವನಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಅಪ್ಪಣೆ ಕೊಡುವುದು ನಮಗೆ ಒಪ್ಪುವುದಿಲ್ಲ. ಆದರೆ ಈ ಪ್ರಶ್ನೆಯ ಒಳಗೆ ಏನೇನು ಅಡಗಿದೆ ಎಂಬುದನ್ನು ಬಿಡಿಸಿ ಹೇಳಬಹುದು. ಈಗ ಹತ್ತನೆಯ ತರಗತಿಯಲ್ಲಿರುವ ವಿದ್ಯಾರ್ಥಿಗಳಿಗೂ ಅದು ಮುಂದೆ ಉಪಯೋಗಕ್ಕೆ ಬಂದೀತು.

ಸ್ಥಿರವಾದ ಉದ್ಯೋಗ ಎಂದೊಡನೆ ನಮ್ಮ ಸೀಮೆಯ ಹಿರಿಯರ ಕಣ್ಣೆದುರು ನಿಲ್ಲುವುದು ಬ್ಯಾಂಕು. ಅದಕ್ಕೆ ಕಾರಣವೂ ಉಂಟು. 1956ರ ನವೆಂಬರ 1ರ ವರೆಗೆ ಕಾಸರಗೋಡನ್ನೂ ಒಳಗೊಂಡಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲಿಯೇ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದುವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಶನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಎ. ಬಿ. ಶೆಟ್ಟರ ವಿಜಯಾ ಬ್ಯಾಂಕು. 1969ರಲ್ಲಿಯೂ 1980ರಲ್ಲಿಯೂ ಇವುಗಳಲ್ಲಿ ನಾಲ್ಕು ರಾಷ್ಟ್ರೀಕೃತವಾದ ಮೇಲಂತೂ, ಮಗನಿಗೆ ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ ದೊರೆತರೆ ಆ ಮನೆಯವರು ಇನ್ನು ಚಿಂತೆಯಿಲ್ಲ ಎಂದು ಉಸಿರು ಬಿಡುತ್ತಿದ್ದರು.

ಆ ನೆಮ್ಮದಿಯ ಮನೆಗೆ ಕಂಪ್ಯೂಟರು ಕಾಲಿಟ್ಟ ಬಗೆಯನ್ನು ಇಂದಿನ ಕಂಪ್ಯೂಟರ್ ಉದ್ಯೋಗಿಗಳು ಅವಶ್ಯವಾಗಿ ತಿಳಿದಿರಬೇಕು. ಯಂತ್ರಗಳು ಬಂದರೆ ಲೆಡ್ಜರು ಬರೆಯುವವರ ಅನ್ನ ಹೋಗುವುದೆಂದು ನೌಕರರ ಸಂಘಗಳು ಭಯಪಟ್ಟುವು. ಬಹಳ ಚರ್ಚೆಯಾದ ಬಳಿಕ 1983ರಲ್ಲಿ ಬ್ಯಾಂಕುಗಳಿಗೂ ಸಂಘಗಳಿಗೂ ಒಂದು ಒಪ್ಪಂದವಾಗಿ, ಮಿತವಾದ ಪ್ರಮಾಣದಲ್ಲಿ ಯಂತ್ರಗಳ ಬಳಕೆಗೆ ಒಪ್ಪಿಗೆ ದೊರೆಯಿತು. ಮುಂದೆ ರಂಗರಾಜನ್ ಸಮಿತಿಯ ವರದಿಗಳನ್ನು ಅನುಸರಿಸಿ ಶಾಖೆಶಾಖೆಗಳಿಗೂ ಲೆಡ್ಜರು ಯಂತ್ರಗಳು ಬಂದುವು. ಅವನ್ನು ನಡೆಸಲು ಕಲಿತ ಗುಮಾಸ್ತರಿಗೆ ವಿಶೇಷ ಭತ್ತೆಯೂ ದೊರೆಯಿತು. ಅಲ್ಲಿ ಕೆಲಸ ಹೋಗಲಿಲ್ಲ, ಕೆಲಸದ ಸ್ವರೂಪ ಹೋಯಿತು. ಅಂದವಾದ ಅಕ್ಷರ, ತಪ್ಪದ ಕೂಡಿಕೆ, ನೂರಾರು ಗಿರಾಕಿಗಳ ಸಹಿಯ ನೆನಪು ಇವು ಒಬ್ಬ ಗುಮಾಸ್ತನ ಇಪ್ಪತ್ತು ವರ್ಷಗಳ ಗಳಿಕೆ. ಅವುಗಳ ಬೆಲೆ ಹತ್ತೇ ವರ್ಷಗಳಲ್ಲಿ ಇಳಿದುಹೋಯಿತು.

ಅನಂತರ ಬಂದದ್ದು ಸ್ವಯಂನಿವೃತ್ತಿಯ ಯೋಜನೆ. 2000–01ರಲ್ಲಿ ಸರಕಾರಿ ಬ್ಯಾಂಕುಗಳು ಹದಿನೈದು ವರ್ಷ ಸೇವೆ ಸಲ್ಲಿಸಿದವರಿಗೆ ಅಥವಾ ನಾಲ್ವತ್ತು ವರ್ಷ ತುಂಬಿದವರಿಗೆ ಕೆಲಸ ಬಿಡುವ ಅವಕಾಶವನ್ನು ಕೊಟ್ಟುವು. ಪೂರ್ತಿಯಾದ ಸೇವೆಯ ಪ್ರತಿ ವರ್ಷಕ್ಕೆ 60 ದಿನಗಳ ಸಂಬಳ, ಅಥವಾ ಉಳಿದ ಸೇವಾವಧಿಯ ತಿಂಗಳುಗಳ ಸಂಬಳ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಕೈಗೆ ಬರುವುದೆಂದು ಗೊತ್ತಾಯಿತು. ದೇಶದಾದ್ಯಂತ ಒಂದು ಲಕ್ಷದಷ್ಟು ಮಂದಿ ಹೀಗೆ ಹೊರಬಂದರು. ಅಷ್ಟು ದೊಡ್ಡ ಮೊತ್ತವನ್ನು ಒಟ್ಟಿಗೆ ನೋಡಿರದವರಿಗೆ ಅದು ಒಂದು ನಿಧಿಯಂತೆ ಕಂಡದ್ದು ಸಹಜವೇ. ಹತ್ತು ಲಕ್ಷ ಬಂದರೆ, ಆಗ ದೀರ್ಘಾವಧಿಯ ಠೇವಣಿಗೆ ನೂರಕ್ಕೆ 10ರ ಆಸುಪಾಸಿನಲ್ಲಿದ್ದ ಬಡ್ಡಿಯಂತೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ. ಕುಳಿತು ಉಣ್ಣಬಹುದೆಂದು ಎಣಿಕೆ ಹಾಕಿದರು. ಆದರೆ 2004ರ ಹೊತ್ತಿಗೆ ಬಡ್ಡಿಯ ದರ 6ರ ಆಸುಪಾಸಿಗೆ ಇಳಿಯಿತು. ಅದೇ ಹತ್ತು ಲಕ್ಷ ಈಗ ವರ್ಷಕ್ಕೆ ಅರುವತ್ತು ಸಾವಿರವನ್ನು ಮಾತ್ರ ಕೊಡತೊಡಗಿತು, ಪೇಟೆಯಲ್ಲಿ ಅಕ್ಕಿಯ ಬೆಲೆ ಇಳಿಯಲಿಲ್ಲ. ಹೊರಗೆ ಹೋಗಿ ಲೆಕ್ಕಪತ್ರದ, ವಿಮೆಯ, ವ್ಯಾಪಾರದ ಕೆಲಸವನ್ನು ಹಿಡಿದವರು ಬದುಕಿಕೊಂಡರು. ಬಡ್ಡಿಯನ್ನೇ ನಂಬಿದವರು ಕಷ್ಟಪಟ್ಟರು. ಕೆಲಸದಲ್ಲಿಯೇ ಉಳಿದವರೂ ಮೊದಲಿನ ಬ್ಯಾಂಕಿನಲ್ಲಿ ಉಳಿಯಲಿಲ್ಲ. 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದುವು. ಸಂಬಳ ತಪ್ಪಲಿಲ್ಲ, ಬಾಗಿಲ ಮೇಲಿನ ಹಲಗೆ ಬದಲಾಯಿತು.

ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯ ಕತೆ ಇದಕ್ಕಿಂತ ಕಠಿಣವಾದುದು. 1953ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಾಯದಿಂದ ಕೈಗಡಿಯಾರಗಳನ್ನು ಮಾಡತೊಡಗಿತು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಅಧ್ಯಾಪಕರ ಕೈಯಲ್ಲಿ ಇದ್ದುದು ಎಚ್.ಎಂ.ಟಿ. ಗಡಿಯಾರವೇ. ಅಲ್ಲಿ ಸೂಕ್ಷ್ಮವಾದ ಹಲ್ಲುಚಕ್ರಗಳನ್ನು ಜೋಡಿಸುವ ಕುಶಲಿಗಳು ಸರಕಾರಿ ಸಂಸ್ಥೆಯ ಭದ್ರತೆಯೊಂದಿಗೆ ದುಡಿಯುತ್ತಿದ್ದರು. ಅಷ್ಟರಲ್ಲಿ ಗಡಿಯಾರದ ಒಡಲೇ ಬದಲಾಯಿತು. ಸಣ್ಣ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಕ್ಕೆ ಕೀಲಿ ಕೊಡಬೇಕಾಗಿಲ್ಲ, ಬೆಲೆಯೂ ಅಗ್ಗ, ಸಮಯವೂ ನಿಖರ. 1984ರಲ್ಲಿ ಸ್ಥಾಪಿತವಾಗಿ ಹೊಸೂರಿನಲ್ಲಿ ಕಾರ್ಖಾನೆಯನ್ನು ತೆರೆದ ಟೈಟನ್ ಕಂಪೆನಿ ಅದನ್ನೇ ಮುಖ್ಯವಾಗಿ ಹಿಡಿಯಿತು. ಎಚ್.ಎಂ.ಟಿ.ಯವರು ಕ್ವಾರ್ಟ್ಜನ್ನು ಮಾಡದೆ ಇರಲಿಲ್ಲ. ಆದರೆ ಅವರ ಭಾರವೆಲ್ಲ ಹಳೆಯ ಬಗೆಯ ಮೇಲೆಯೇ ಬಿದ್ದಿತ್ತು. 2016ರ ಜನವರಿಯಲ್ಲಿ ಕೇಂದ್ರ ಸರಕಾರ ಗಡಿಯಾರದ ಘಟಕವನ್ನು ಮುಚ್ಚುವುದಕ್ಕೆ ಒಪ್ಪಿಗೆ ಕೊಟ್ಟಿತು. ಇಲ್ಲಿ ನೌಕರರು ಕೆಲಸವನ್ನು ಬಿಟ್ಟು ಹೋಗಲಿಲ್ಲ, ಕೆಲಸವೇ ಅವರನ್ನು ಬಿಟ್ಟುಹೋಯಿತು. ಟೆಲಿಫೋನಿನ ವಿಷಯದಲ್ಲಿಯೂ ಇಂತಹುದೇ ನಡೆದಿದೆ. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಇಲೆಕ್ಟ್ರಾನಿಕ್ ವಿನಿಮಯ ಕೇಂದ್ರ ಕೆಲಸ ಮಾಡತೊಡಗಿದ ಮೇಲೆ, ಟಕಟಕನೆ ಸದ್ದು ಮಾಡುವ ಹಳೆಯ ಸ್ವಿಚ್ಚುಗಳನ್ನು ಸರಿಪಡಿಸುವ ಕೌಶಲಕ್ಕೆ ಬಹಳ ವರ್ಷಗಳ ಆಯುಸ್ಸು ಉಳಿಯಲಿಲ್ಲ.

ಸರಕಾರಿ ಕೆಲಸದ ಮಾತೂ ಮೊದಲಿನಂತಿಲ್ಲ ಎಂಬುದನ್ನು ಹೆತ್ತವರು ಗಮನಿಸಬೇಕು. 2004ರ ಜನವರಿ 1ರಿಂದ ಕೇಂದ್ರದಲ್ಲಿಯೂ 2013ರ ಏಪ್ರಿಲ್ 1ರಿಂದ ಕೇರಳದಲ್ಲಿಯೂ ಹೊಸದಾಗಿ ಸೇರಿದವರಿಗೆ ಹಳೆಯ ಬಗೆಯ ಪಿಂಚಣಿಯ ಬದಲಾಗಿ ವಂತಿಗೆಯ ಪಿಂಚಣಿ ಬಂದಿತು. ಅನಂತರ ಅದನ್ನು ತಿದ್ದುವ ಯತ್ನಗಳೂ ನಡೆದಿವೆ. ಆದರೆ ಅಜ್ಜನಿಗೆ ದೊರೆತ ಪಿಂಚಣಿಯನ್ನೇ ಮೊಮ್ಮಗನಿಗೂ ಎಣಿಸಿ ಲೆಕ್ಕಹಾಕುವಂತಿಲ್ಲ.

ಇನ್ನು ಕಂಪ್ಯೂಟರ್ ಕಂಪೆನಿಯ ಒಳಗನ್ನು ನೋಡೋಣ. ಸಾಮಾನ್ಯವಾಗಿ ಇಂತಹ ಸೇವಾಕಂಪೆನಿಗಳು ಪರದೇಶದ ಗಿರಾಕಿಗಳಿಗೆ ಕೆಲಸ ಮಾಡಿಕೊಟ್ಟು, ಇಷ್ಟು ಮಂದಿ ಇಷ್ಟು ಗಂಟೆ ದುಡಿದರೆಂದು ಲೆಕ್ಕಹಾಕಿ ಹಣ ಪಡೆಯುವುದು ಬಹುಕಾಲದ ವಾಡಿಕೆ. ಕೆಳಗೆ ಕಡಿಮೆ ಸಂಬಳದ ಹೊಸಬರು ಬಹು ಮಂದಿ, ನಡುವೆ ಕೆಲವರು, ಮೇಲೆ ಬೆರಳೆಣಿಕೆಯವರು. ದೇವಸ್ಥಾನದ ಗೋಪುರದಂತೆ ಕೆಳಗೆ ಅಗಲ, ಮೇಲೆ ಕಿರಿದು. ಇಪ್ಪತ್ತೆರಡರ ಪ್ರಾಯದಲ್ಲಿ ಸೇರಿದ ನೂರು ಮಂದಿಗೂ ನಾಲ್ವತ್ತರ ಪ್ರಾಯದಲ್ಲಿ ಮೇಲಿನ ಅಂತಸ್ತಿನಲ್ಲಿ ಜಾಗವಿಲ್ಲ. ನಡುವಿನವನ ಸಂಬಳ ಹೊಸಬನ ಸಂಬಳದ ನಾಲ್ಕೈದು ಪಾಲು ಆಗಿರುವುದು. ಅವನು ನಾಲ್ಕೈದು ಪಾಲಿನ ಕೆಲಸವನ್ನು ಮಾಡಿ ತೋರಿಸಬೇಕು, ಇಲ್ಲವೇ ಇತರರಿಂದ ಆಗದ ಕೆಲಸವನ್ನು ಮಾಡಬೇಕು. ಗಿರಾಕಿಯ ಕೆಲಸ ಕೈಯಲ್ಲಿ ಇಲ್ಲದೆ ಕಾಯುತ್ತಿರುವ ಸ್ಥಿತಿಗೆ ಆ ಕಂಪೆನಿಗಳಲ್ಲಿ ‘ಬೆಂಚು’ ಎನ್ನುತ್ತಾರೆ. (ನಮ್ಮ ಬೆಂಚಿನ ಮೇಲೆ ಕುಳಿತವರು ಕೆಲಸ ಮಾಡುತ್ತಾರೆಂದು ನಂಬಿಕೆ!) 2025ರ ಜೂನಿನಲ್ಲಿ ಟಿ.ಸಿ.ಎಸ್. ಕಂಪೆನಿ ವರ್ಷದಲ್ಲಿ 35 ಕೆಲಸದ ದಿನಗಳಿಗಿಂತ ಹೆಚ್ಚು ಬೆಂಚಿನ ಮೇಲೆ ಇರಕೂಡದೆಂದು ನಿಯಮ ಮಾಡಿತು. ಮರುತಿಂಗಳೇ ತನ್ನ ನೌಕರರಲ್ಲಿ ನೂರಕ್ಕೆ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು, ಮುಖ್ಯವಾಗಿ ನಡುವಿನ ಮತ್ತು ಮೇಲಿನ ಅಂತಸ್ತಿನವರನ್ನು, ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಆ ಕಂಪೆನಿಗೆ ಸೇರಿದರೆ ಸರಕಾರಿ ಕೆಲಸದಷ್ಟೇ ಭದ್ರ ಎಂದು ಜನರಾಡುತ್ತಿದ್ದುದರಿಂದ ಈ ಸುದ್ದಿಗೆ ಹಲವು ಮನೆಗಳಲ್ಲಿ ದೊಡ್ಡ ಗಾಬರಿಯಾಯಿತು. ಅದಕ್ಕೆ ಮೊದಲೇ, 2022ರ ಕೊನೆಯಿಂದ, ಪ್ರೋಗ್ರಾಮುಗಳನ್ನು ತಾನೇ ಬರೆಯುವ ಕೃತಕ ಬುದ್ಧಿಯ ಸಾಧನಗಳು ಎಲ್ಲರ ಕೈಗೂ ಬಂದಿದ್ದುವು.

ಹಾಗಾದರೆ ಹಳೆಯ ವಿದ್ಯೆಯೆಲ್ಲ ಸತ್ತುಹೋಗುವುದೋ ಎಂದರೆ ಹಾಗೂ ಇಲ್ಲ. ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ರೂಪುಗೊಂಡದ್ದು 1959ರಲ್ಲಿ. ಅದು ಮುದಿಯಾಯಿತೆಂದು ಕಾಲೇಜುಗಳು ಕಲಿಸುವುದನ್ನು ಬಿಟ್ಟ ಮೇಲೆಯೂ ಬ್ಯಾಂಕುಗಳ, ಸರಕಾರಗಳ ದೊಡ್ಡ ಯಂತ್ರಗಳು ಅದರಲ್ಲಿಯೇ ನಡೆಯುತ್ತಿದ್ದುವು. 2020ರ ಏಪ್ರಿಲಿನಲ್ಲಿ ಕೋವಿಡಿನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳ ಭಾರಕ್ಕೆ ಹಳೆಯ ಯಂತ್ರಗಳು ಬಳಲಿದಾಗ, ಅಮೆರಿಕದ ನ್ಯೂಜೆರ್ಸಿಯ ಗವರ್ನರರು ಕೋಬಾಲ್ ಬಲ್ಲವರು ಸಹಾಯಕ್ಕೆ ಬರಬೇಕೆಂದು ಬಹಿರಂಗವಾಗಿಯೇ ಕೇಳಿಕೊಂಡರು. ಹಳೆಯದನ್ನು ಆಳವಾಗಿ ಬಲ್ಲವರು ವಿರಳರಾದಾಗ ಅವರಿಗೆ ಬೆಲೆ ಬರುವುದೂ ಉಂಟು. ಯಾವುದನ್ನೂ ಆಳವಾಗಿ ತಿಳಿಯದೆ, ಹದಿನೈದು ವರ್ಷಗಳ ಅನುಭವವೆಂದು ಹೇಳಿಕೊಂಡು ಒಂದೇ ವರ್ಷದ ಕೆಲಸವನ್ನು ಹದಿನೈದು ಸಲ ಮಾಡಿದವರ ಸ್ಥಿತಿಯೇ ಶೋಚನೀಯ.

ವಿದ್ಯಾರ್ಥಿಗಳು ಚಕ್ರಬಡ್ಡಿಯ ಲೆಕ್ಕವನ್ನು ಕಲಿತಿದ್ದೀರಿ. ಅದನ್ನು ಇಲ್ಲಿಗೆ ಅನ್ವಯಿಸಿ ನೋಡೋಣ. ಇಬ್ಬರು ಉದ್ಯೋಗಿಗಳು, ಇಬ್ಬರ ಸಂಬಳವೂ ಮೊದಲ ವರ್ಷ 12 ಲಕ್ಷ ರೂಪಾಯಿ. ಒಬ್ಬನು ಇದ್ದಲ್ಲಿಯೇ ಇದ್ದು ವರ್ಷಕ್ಕೆ ನೂರಕ್ಕೆ 5ರಂತೆ ಏರಿಕೆ ಪಡೆಯುತ್ತಾನೆ. ಮತ್ತೊಬ್ಬನು ಕಂಪೆನಿಗಳನ್ನು ಬದಲಿಸಿ ಸರಾಸರಿ ನೂರಕ್ಕೆ 10ರಂತೆ ಪಡೆಯುತ್ತಾನೆ. ಹತ್ತು ವರ್ಷಗಳಲ್ಲಿ ಮೊದಲನೆಯವನ ಒಟ್ಟು ಗಳಿಕೆ ಸುಮಾರು 151 ಲಕ್ಷ. ಎರಡನೆಯವನದು ಸುಮಾರು 191 ಲಕ್ಷ. ನಾಲ್ವತ್ತು ಲಕ್ಷಗಳ ವ್ಯತ್ಯಾಸ ಸಣ್ಣದಲ್ಲ. ಅಷ್ಟೇ ಅಲ್ಲ, ಜೀವನದ ಖರ್ಚೂ ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೆ ಮೊದಲನೆಯವನು ಹತ್ತು ವರ್ಷ ನಡೆದೂ ನಿಂತಲ್ಲಿಯೇ ನಿಂತಂತಾಯಿತು. ಆದರೆ ಎರಡನೆಯವನು ಐದನೆಯ ಮತ್ತು ಆರನೆಯ ವರ್ಷಗಳಲ್ಲಿ ಕೆಲಸವಿಲ್ಲದೆ ಕುಳಿತನೆಂದು ಎಣಿಸಿರಿ. ಅವನ ಗಳಿಕೆಯಿಂದ ಸುಮಾರು 37 ಲಕ್ಷ ಕಳೆದು 154 ಲಕ್ಷ ಉಳಿಯುವುದು. ಇಬ್ಬರೂ ಹೆಚ್ಚುಕಡಿಮೆ ಸಮಾನರಾದರು. ಅದೂ ಎರಡು ವರ್ಷಗಳ ಬಳಿಕ ಅವನಿಗೆ ಬಿಟ್ಟ ಮೆಟ್ಟಲೇ ಮತ್ತೆ ದೊರೆಯಿತೆಂದು ಹಿಡಿದರೆ ಮಾತ್ರ. ನಾಲ್ವತ್ತೈದರ ಪ್ರಾಯದಲ್ಲಿ ಹಾಗೆ ದೊರೆಯುವುದು ಸುಲಭವಲ್ಲ.

ಇನ್ನೊಂದು ಮಾತು ಈ ಲೆಕ್ಕದಲ್ಲಿ ಕಾಣುವುದಿಲ್ಲ. ಗಳಿಕೆಯ ಮೊತ್ತ ಸಮಾನವಾದರೂ ಖರ್ಚು ತಿಂಗಳು ತಿಂಗಳಿಗೂ ಬರುವುದು. ನಾಲ್ವತ್ತೆರಡರ ಪ್ರಾಯದಲ್ಲಿ ಮನೆ ಕೊಳ್ಳಲು 40 ಲಕ್ಷ ರೂಪಾಯಿಗಳನ್ನು ನೂರಕ್ಕೆ 9ರ ಬಡ್ಡಿಗೆ ಇಪ್ಪತ್ತು ವರ್ಷಗಳ ವಾಯಿದೆಯ ಮೇಲೆ ಸಾಲ ತೆಗೆದವನ ಕಂತು ತಿಂಗಳಿಗೆ ಸುಮಾರು 36,000 ರೂಪಾಯಿ. ಸಾಲ ತೀರುವಾಗ ಅವನಿಗೆ ಅರುವತ್ತೆರಡು. ಹೀಗಿರುವವನು ಮತ್ತು ಸಾಲವಿಲ್ಲದೆ ಒಂದು ವರ್ಷದ ಖರ್ಚನ್ನು ಕೂಡಿಟ್ಟವನು, ಇವರಿಬ್ಬರ ಮುಂದೆ ಒಂದೇ ಹೊಸ ಕೆಲಸ ಬಂದರೂ ಅದು ಒಂದೇ ಕೆಲಸವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಜಿಪುಣತನದ ಪಾಠವೆಂದು ತಿಳಿಯುತ್ತೇವೆ. ಸಾಲವಿಲ್ಲದವನಿಗೆ ಎದ್ದು ಹೋಗುವ ಸ್ವಾತಂತ್ರ್ಯವಿದೆ ಎಂಬ ಅರ್ಥವೂ ಅದರಲ್ಲಿದೆ.

ಕಾನೂನಿನ ಕೆಲವು ಸಂಗತಿಗಳನ್ನು ಕೆಲಸ ಬಿಡುವ ಮೊದಲೇ ತಿಳಿದಿರಬೇಕು. ಗ್ರಾಚ್ಯುಯಿಟಿ ಎಂಬ ಉಪದಾನ ಕಾಯಂ ನೌಕರನಿಗೆ ದೊರೆಯಬೇಕಾದರೆ ಸಾಮಾನ್ಯವಾಗಿ ಐದು ವರ್ಷಗಳ ಸತತ ಸೇವೆಯಾಗಬೇಕು. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ತೆಯನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. 52,000 ರೂಪಾಯಿ ವೇತನದವನು ಹನ್ನೆರಡು ವರ್ಷ ದುಡಿದಿದ್ದರೆ 3,60,000 ರೂಪಾಯಿ. ಎರಡೆರಡು ವರ್ಷಕ್ಕೆ ಕಂಪೆನಿ ಬದಲಿಸುವವನು ಈ ಹಣವನ್ನು ಕಾಣಲಾರನು. ಭವಿಷ್ಯನಿಧಿಯ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಆದರೆ ಆ ಸೇವೆ ಬೇರೆಬೇರೆ ಕಂಪೆನಿಗಳದ್ದಾದರೂ ಆಗುವುದು. ಬದಲಿಸುವಾಗಲೆಲ್ಲ ಹಣವನ್ನು ತೆಗೆದು ಖರ್ಚುಮಾಡದೆ ಹೊಸ ಕಡೆಗೆ ವರ್ಗಾಯಿಸಿಕೊಂಡರೆ ಮಾತ್ರ ವರ್ಷಗಳು ಕೂಡಿಬರುವುವು. ಆದರೂ ಆ ಪಿಂಚಣಿಯಿಂದಲೇ ಮುಪ್ಪು ಕಳೆಯುವುದೆಂಬ ಭ್ರಮೆ ಬೇಡ. 2014ರಲ್ಲಿ ಗೊತ್ತುಪಡಿಸಿದ 15,000 ರೂಪಾಯಿಗಳ ಮಿತಿಯನ್ನು ಹಿಡಿದರೆ, ಮೂವತ್ತು ವರ್ಷದ ಸೇವೆಗೆ ನಿಯಮದಂತೆ ಎರಡು ವರ್ಷ ಕೂಡಿಸಿ, ಅದನ್ನು ಮೂವತ್ತೆರಡರಿಂದ ಗುಣಿಸಿ 70ರಿಂದ ಭಾಗಿಸಿದಾಗ ಬರುವುದು ತಿಂಗಳಿಗೆ ಸುಮಾರು 6,857 ರೂಪಾಯಿ.

ಬಡ್ತಿಯ ಬಗ್ಗೆಯೂ ಒಂದು ಸೂಕ್ಷ್ಮವಿದೆ. 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿಯೂ, 2025ರ ನವೆಂಬರ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಕೆಲಸದಿಂದ ತೆಗೆಯುವ ಮೊದಲು ನೋಟೀಸು, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನ ಮೊದಲಾದ ರಕ್ಷಣೆಗಳಿವೆ. ಆದರೆ ಅವು ‘ಕಾರ್ಮಿಕ’ ಎಂಬ ವ್ಯಾಖ್ಯೆಯ ಒಳಗೆ ಬರುವವರಿಗೆ. ಮುಖ್ಯವಾಗಿ ಆಡಳಿತದ ಕೆಲಸವನ್ನು ಮಾಡುವ ಮೇನೇಜರನು ಅದರ ಹೊರಗೆ ಉಳಿಯುವನು. ಮನೆಯವರು ಸಿಹಿ ಹಂಚುವ ದಿನವೇ ಕಾನೂನಿನ ಕೊಡೆ ಅವನ ತಲೆಯ ಮೇಲಿಂದ ಸರಿದಿರಬಹುದು. ಬಡ್ತಿಯನ್ನು ಬೇಡವೆನ್ನಬೇಕೆಂದು ಇದರ ಅರ್ಥವಲ್ಲ. ನೇಮಕದ ಪತ್ರದಲ್ಲಿ ಬರೆದುಕೊಂಡಿರುವ ನೋಟೀಸಿನ ಅವಧಿಯನ್ನೂ ಪರಿಹಾರವನ್ನೂ ಓದಿ ಸಹಿ ಹಾಕಬೇಕೆಂದು ಮಾತ್ರ ನಮ್ಮ ಸೂಚನೆ.

ನಮ್ಮ ಕನ್ನಡ ಮಾಧ್ಯಮದ ಮಕ್ಕಳ ವಿಷಯದಲ್ಲಿ ನಾವು ಕಂಡ ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕು. ಅವರಲ್ಲಿ ಕೆಲವರು ಮೊದಲು ಸೇರಿದ ಕಂಪೆನಿಯನ್ನು ಬಿಡದೆ ಇರುವುದಕ್ಕೆ ಕಾರಣ ವಿವೇಕವಲ್ಲ; ಮತ್ತೊಂದು ಸಂದರ್ಶನದಲ್ಲಿ ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕಲ್ಲ ಎಂಬ ಅಳುಕು. ಕೆಲಸವನ್ನು ಬಲ್ಲರು, ಬಲ್ಲೆನೆಂದು ಹೇಳಲು ಹಿಂಜರಿಯುತ್ತಾರೆ. ಅಳುಕಿನಿಂದ ನಿಂತದ್ದನ್ನು ಸ್ಥಿರತೆ ಎಂದು ಕರೆಯಲು ನಮಗೆ ಮನಸ್ಸಿಲ್ಲ. ಮನೆಯಲ್ಲಿ ತುಳುವೋ ಮಲೆಯಾಳವೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲೆಯಾಳ, ಎಂದು ಮೂರು ನಾಲ್ಕು ಭಾಷೆಗಳಲ್ಲಿ ವ್ಯವಹರಿಸುವ ಗಡಿನಾಡಿನ ಮಕ್ಕಳಿಗೆ ಇನ್ನೊಂದು ಭಾಷೆ ಅಸಾಧ್ಯವಲ್ಲ. ವರ್ಷಕ್ಕೊಮ್ಮೆಯಾದರೂ ಹೊರಗಿನ ಸಂದರ್ಶನಕ್ಕೆ ಹೋಗಿ ಬರಬೇಕು. ಕೆಲಸ ಬಿಡುವುದಕ್ಕಾಗಿ ಅಲ್ಲ, ಪೇಟೆಯಲ್ಲಿ ತನ್ನ ವಿದ್ಯೆಗೆ ಏನು ಬೆಲೆಯಿದೆ ಎಂದು ತಿಳಿಯುವುದಕ್ಕಾಗಿ.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ, ಒಬ್ಬರ ಕೆಲಸ ಸ್ಥಿರವಾಗಿರುವಾಗ ಮತ್ತೊಬ್ಬರು ಧೈರ್ಯ ಮಾಡುವುದು ಹಿತವಾದ ಕ್ರಮ. ಆದರೆ ಸ್ಥಿರವಾಗಿ ಉಳಿಯುವ ಸರದಿ ಯಾವಾಗಲೂ ಹೆಂಡತಿಯದೇ ಆಗುವುದನ್ನು ನಾವು ಕಂಡಿದ್ದೇವೆ. ಇನ್ಫೋಸಿಸಿನ ನಾರಾಯಣ ಮೂರ್ತಿಯವರ ಕತೆಯನ್ನು ಮಕ್ಕಳಿಗೆ ಹೇಳದ ಮನೆಯಿಲ್ಲ. 1981ರಲ್ಲಿ ಪಟ್ನಿ ಕಂಪೆನಿಯ ಕೆಲಸವನ್ನು ಬಿಟ್ಟು ಆರು ಮಂದಿ ಜೊತೆಗಾರರೊಡನೆ ಪುಣೆಯಲ್ಲಿ ಕಂಪೆನಿ ತೆರೆದಾಗ ಅವರಿಗೆ ಮೂವತ್ತನಾಲ್ಕು ವರ್ಷ. ಅದಕ್ಕೆ ಮೊದಲು ಸಾಫ್ಟ್ರಾನಿಕ್ಸ್ ಎಂಬ ಅವರ ಸ್ವಂತ ಕಂಪೆನಿ ನಡೆಯದೆ ಮುಚ್ಚಿತ್ತೆಂಬುದನ್ನೂ, ಆರಂಭದ ಹತ್ತು ಸಾವಿರ ರೂಪಾಯಿ ಪತ್ನಿ ಸುಧಾ ಮೂರ್ತಿಯವರು ಕೂಡಿಟ್ಟ ಹಣವೆಂಬುದನ್ನೂ ಕತೆಯೊಂದಿಗೆ ಹೇಳಿದರೆ ಲೇಸು.

ಕುಂಜತ್ತೂರಿನಂತಹ ಗಡಿಯ ಊರಿನವರಿಗೆ ಮತ್ತೊಂದು ಲೆಕ್ಕವಿದೆ. ತಲಪಾಡಿಯನ್ನು ದಾಟಿದರೆ ಬೇರೆ ರಾಜ್ಯ. ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಮಂಗಳೂರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವವರು ನಮ್ಮಲ್ಲಿ ಎಷ್ಟೋ ಮಂದಿ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳನ್ನು ಮುಚ್ಚಿದಾಗ, ಅಂಗಡಿಗಳಲ್ಲಿ, ಆಸ್ಪತ್ರೆಗಳಲ್ಲಿ ಕಾಯಂ ಆಗಿ ದುಡಿಯುತ್ತಿದ್ದವರೂ ಕೆಲಸಕ್ಕೆ ಹೋಗಲಾರದೆ ಮನೆಯಲ್ಲಿ ಕುಳಿತರು. ಕಂಪ್ಯೂಟರಿನ ಕೆಲಸದವರು ಚಾವಡಿಯಲ್ಲಿ ಕುಳಿತೇ ಬೆಂಗಳೂರಿನ ಕೆಲಸವನ್ನು ಮಾಡಿದರು. ಅಂದಿನಿಂದ, ಊರಿನಲ್ಲಿಯೇ ಇದ್ದು ಸ್ವಲ್ಪ ಕಡಿಮೆ ಸಂಬಳಕ್ಕೆ ದುಡಿಯುತ್ತ, ವೃದ್ಧರಾದ ತಂದೆತಾಯಿಗಳನ್ನೂ ತೆಂಗಿನ ತೋಟವನ್ನೂ ನೋಡಿಕೊಳ್ಳುವ ದಾರಿಯನ್ನು ಕೆಲವರು ಹಿಡಿದಿದ್ದಾರೆ. ಇಂಥವರನ್ನು ಹಿಂದೆ ಬಿದ್ದವರೆಂದು ನೆರೆಯವರು ಹಳಿಯುವುದು ಅನ್ಯಾಯ. ಬೆಂಗಳೂರಿನಲ್ಲಿ ತಿಂಗಳಿಗೆ ನಾಲ್ವತ್ತು ಸಾವಿರ ಹೆಚ್ಚು ಬಂದರೂ, ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ತಂದೆಗೆ ಅಸೌಖ್ಯವಾದಾಗಲೆಲ್ಲ ರಾತ್ರಿಯ ಬಸ್ಸು ಇವನ್ನು ಕಳೆದು ಎಷ್ಟು ಉಳಿಯುವುದೆಂದು ಅವರು ಕಾಗದದ ಮೇಲೆ ಬರೆದು ನೋಡಿಯೇ ನಿರ್ಧರಿಸಿರಬಹುದು.

ಆದುದರಿಂದ ಮಗನೋ ಮಗಳೋ ಕೆಲಸ ಬದಲಿಸುವ ಮಾತೆತ್ತಿದಾಗ “ಬಿಡಬೇಡ” ಎಂದು ತಡೆಯುವ ಬದಲು ಹೆತ್ತವರು ಕೆಲವು ಪ್ರಶ್ನೆಗಳನ್ನು ಕೇಳಬಹುದು. ಸಂಬಳ ನಿಂತರೆ ಮನೆ ಎಷ್ಟು ತಿಂಗಳು ನಡೆದೀತು? ಕಂಪೆನಿಯ ಆರೋಗ್ಯವಿಮೆ ಹೋದರೆ ನಮ್ಮದೇ ವಿಮೆ ಇದೆಯೋ? ಕಳೆದ ಎರಡು ವರ್ಷಗಳಲ್ಲಿ ಹೊಸದಾಗಿ ಏನನ್ನು ಕಲಿತೆ? ಹೊಸ ಕಂಪೆನಿಯಲ್ಲಿ ಕಲಿಯುವುದಕ್ಕೆ ಏನಿದೆ? ಕೊನೆಯ ಎರಡು ಪ್ರಶ್ನೆಗಳನ್ನು ಕೆಲಸ ಬಿಡದವರಿಗೂ ಕೇಳಬಹುದು.

ಹತ್ತನೆಯ ತರಗತಿಯವರು ಮೇಲಿನ ಲೆಕ್ಕವನ್ನು ನೂರಕ್ಕೆ 10ರ ಬದಲು 8ರಂತೆ ಮಾಡಿ, ಎರಡು ವರ್ಷ ಕೆಲಸ ತಪ್ಪಿದವನ ಒಟ್ಟು ಗಳಿಕೆ ಇದ್ದಲ್ಲಿಯೇ ಇದ್ದವನಿಗಿಂತ ಹೆಚ್ಚೋ ಕಡಿಮೆಯೋ, ಎಷ್ಟು ಎಂದು ಕಂಡುಹಿಡಿದು ಗಣಿತದ ಅಧ್ಯಾಪಕರಿಗೆ ತೋರಿಸಲಿ.